ವಾರಸುದಾರರಿಲ್ಲವೆಂದು ಹೂಳಲಾದ ಹುಡುಗನ ಗುರುತನ್ನು ಹನ್ನೆರಡು ವರ್ಷಗಳ ನಂತರ ಪತ್ತೆ ಹಚ್ಚಬಹುದೇ?

ಪತ್ತೆ ಹಚ್ಚಬಹುದು. ಆದರೆ ಅದು ಪ್ರಯೋಗಾಲಯದ ಸಾಮರ್ಥ್ಯಕ್ಕಿಂತ ಹೆಚ್ಚಾಗಿ, ಮನೆಯವರು ಕೊಟ್ಟ ಕಾಣೆ ದೂರು ಇಂದಿಗೂ ಯಾವುದಾದರೂ ಠಾಣೆಯ ದಾಖಲೆಯಲ್ಲಿ ಉಳಿದಿದೆಯೇ ಮತ್ತು ಹೋಲಿಸಿ ನೋಡಲು ರಕ್ತಸಂಬಂಧಿಯೊಬ್ಬರ ಮಾದರಿ ಸಿಗುತ್ತದೆಯೇ ಎಂಬುದನ್ನು ಅವಲಂಬಿಸಿದೆ. ಯಾದಗಿರಿ ಕಡೆಯ ನಿಮ್ಮ ಸಂಬಂಧಿಕರ ಮಗ ಹದಿನಾರನೆಯ ವಯಸ್ಸಿನಲ್ಲಿ ಪುಣೆಗೆ ದುಡಿಯಲು ಹೋಗುತ್ತೇನೆಂದು ರೈಲು ಹತ್ತಿದವನು ಮರಳಿ ಬರಲಿಲ್ಲವೆಂದೂ, ಅದೇ ಕಾಲದಲ್ಲಿ ವಾಡಿಯ ಆಸುಪಾಸಿನ ಹಳಿಯ ಬದಿಯಲ್ಲಿ ಸಿಕ್ಕ ಹುಡುಗನೊಬ್ಬನ ಶವವನ್ನು ವಾರಸುದಾರರು ಬಾರದ ಕಾರಣ ಹೂಳಲಾಯಿತೆಂದು ಈಚೆಗೆ ಯಾರೋ ಹೇಳಿದರೆಂದೂ ಬರೆದಿದ್ದೀರಿ. ಇಷ್ಟು ವರ್ಷಗಳ ಮೇಲೆ ಏನಾದರೂ ತಿಳಿಯಬಹುದೇ, ಈ ಮಾತನ್ನು ಆ ತಾಯಿಗೆ ಹೇಳಬೇಕೇ ಎಂಬುದು ನಿಮ್ಮ ಪ್ರಶ್ನೆ. ನಾನು ಕಲಬುರಗಿಯ ಶವಾಗಾರದಲ್ಲಿ ಫೊರೆನ್ಸಿಕ್ ವೈದ್ಯನಾಗಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ನೀವು ಹೇಳುವ ಶವವನ್ನಾಗಲಿ ಕಡತವನ್ನಾಗಲಿ ನಾನು ನೋಡಿಲ್ಲವಾದ್ದರಿಂದ ಆ ಹುಡುಗ ಇವನೇ ಹೌದೋ ಅಲ್ಲವೋ ಎಂಬ ಬಗ್ಗೆ ಒಂದು ಮಾತನ್ನೂ ಆಡಲಾರೆ. ಆದರೆ ದಾರಿ ಯಾವುದು, ಅದು ಎಲ್ಲಿ ಕಡಿದುಹೋಗುತ್ತದೆ ಎಂಬುದನ್ನು ಹೇಳಬಲ್ಲೆ.

ಅಪರಿಚಿತ ಶವ ಸಿಕ್ಕಾಗ ಠಾಣೆಯಲ್ಲಿ ಯು.ಡಿ.ಆರ್., ಅಂದರೆ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಆಗ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಪ್ರಕಾರ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಶವ ಪಂಚನಾಮೆ ನಡೆಯುತ್ತದೆ. ನಂತರ ಮರಣೋತ್ತರ ಪರೀಕ್ಷೆ, ಫೋಟೊ, ಸುತ್ತಲಿನ ಠಾಣೆಗಳಿಗೆ ಸಂದೇಶ, ಪತ್ರಿಕೆಗಳಿಗೆ ಪ್ರಕಟಣೆ. ಕೆಲವು ದಿನ ಕಾದು ಯಾರೂ ಬಾರದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ನೆರವಿನಿಂದ ಅಂತ್ಯಕ್ರಿಯೆ ಮುಗಿಯುತ್ತದೆ. ನಮ್ಮ ಭಾಗದ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲೋ ಹಳಿಯ ಪಕ್ಕದಲ್ಲೋ ಎರಡು ದಿನ ಬಿದ್ದಿದ್ದ ಶವದ ಮುಖವನ್ನು ಹೆತ್ತವರೂ ಗುರುತಿಸಲಾರರು. ಹಾಗಿದ್ದರೂ ಪ್ರಕಟಣೆಯಲ್ಲಿ ಬರುವುದು ಆ ಮುಖದ ಫೋಟೊ ಮತ್ತು ನೀವು ಪತ್ರಿಕೆಗಳಲ್ಲಿ ಓದಿರಬಹುದಾದ ಅದೇ ವಿವರಣೆ: ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಈ ವಿವರಣೆಗೆ ಜಿಲ್ಲೆಯ ಅರ್ಧದಷ್ಟು ಯುವಕರು ಹೊಂದುತ್ತಾರೆ. ಅದರ ಬದಲು ಬಲಗಡೆಯ ಮುಂಗೈಯಲ್ಲಿ ಇಂಥ ಅಕ್ಷರದ ಹಚ್ಚೆ ಇದೆ, ಎಡಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತಿದೆ, ಮೇಲಿನ ಎರಡು ಮುಂಬಲ್ಲುಗಳು ಒಂದರ ಮೇಲೊಂದು ಏರಿವೆ, ಅಂಗಿಯ ಕಾಲರಿನಲ್ಲಿ ಇಂಥ ಊರಿನ ಟೇಲರನ ಪಟ್ಟಿ ಇದೆ, ಸೊಂಟದಲ್ಲಿ ಕಪ್ಪು ಉಡುದಾರವಿದ್ದು ಅದಕ್ಕೆ ದರ್ಗಾದ ತಾಯತ ಕಟ್ಟಿದೆ ಎಂದು ಬರೆದಿದ್ದರೆ, ಓದಿದವರಲ್ಲಿ ಒಬ್ಬರಾದರೂ ತಟ್ಟನೆ ಎದ್ದು ಕೂರುತ್ತಾರೆ.

ಚಿಕ್ಕ ವಯಸ್ಸಿನವರ ವಿಷಯದಲ್ಲಿ ಈ ಕೆಲಸ ಇನ್ನಷ್ಟು ಕಠಿಣವಾಗುವುದಕ್ಕೆ ಕಾರಣವಿದೆ. ಗುರುತಿನ ಪ್ರಾಥಮಿಕ ಸಾಕ್ಷ್ಯಗಳೆಂದು ಇಂಟರ್‌ಪೋಲ್ ಒಪ್ಪಿರುವುದು ಬೆರಳಚ್ಚು, ಹಲ್ಲು ಮತ್ತು ಡಿಎನ್‌ಎ ಎಂಬ ಮೂರನ್ನು. ಪೊಲೀಸರ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಾದ ನಾಫಿಸ್‌ನಲ್ಲಿ ಇರುವುದು ಬಂಧಿತರಾದವರ, ಶಿಕ್ಷೆಗೊಳಗಾದವರ ಗುರುತುಗಳು. ಹದಿನಾರರ ಹುಡುಗನ ಬೆರಳಚ್ಚು ಅಲ್ಲಿ ಇರುವ ಸಂಭವ ಬಹಳ ಕಡಿಮೆ. ಆಧಾರ್ ಇದೆಯಲ್ಲ ಎಂದು ಎಲ್ಲರೂ ಕೇಳುತ್ತಾರೆ. ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚನ್ನು ಆಧಾರ್‌ಗೆ ಪಡೆಯುವುದೇ ಇಲ್ಲ, ಐದಕ್ಕೂ ಹದಿನೈದಕ್ಕೂ ಅದನ್ನು ನವೀಕರಿಸಬೇಕು, ಮತ್ತು ಬೆರಳಚ್ಚು ಹಾಗೂ ಕಣ್ಣಿನ ಪಾಪೆಯ ಮಾಹಿತಿಯನ್ನು ಯಾರೊಂದಿಗೂ ಹಂಚಿಕೊಳ್ಳಬಾರದೆಂದು 2016ರ ಆಧಾರ್ ಕಾಯ್ದೆಯ 29ನೇ ಕಲಂ ನಿಷೇಧಿಸುತ್ತದೆ. ಇನ್ನು ಹಲ್ಲಿನ ದಾಖಲೆ: ಸುರಪುರದ ಅಥವಾ ಔರಾದದ ಹಳ್ಳಿಯ ಹುಡುಗ ದಂತವೈದ್ಯರಲ್ಲಿ ಎಕ್ಸ್‌ರೇ ತೆಗೆಸಿ, ಅದನ್ನು ಹತ್ತು ವರ್ಷ ಯಾರಾದರೂ ಕಾಪಿಟ್ಟಿರುವುದು ಬಹಳ ಅಪರೂಪ. ಹೀಗೆ ಮೂರರಲ್ಲಿ ಎರಡು ಬಾಗಿಲು ಮೊದಲೇ ಮುಚ್ಚಿರುತ್ತವೆ.

ದಂತವೈದ್ಯರ ದಾಖಲೆ ಇಲ್ಲದಿದ್ದರೂ ಹಲ್ಲು ಮಾತ್ರ ಬಹಳಷ್ಟನ್ನು ಹೇಳುತ್ತದೆ. ಒಮ್ಮೆ ಒಬ್ಬ ತಾಯಿ ಮಗನ ಬೇರೆ ಫೋಟೊ ಇಲ್ಲವೆಂದು ಶಾಲೆಯ ಗುಂಪು ಫೋಟೊ ಒಂದನ್ನೇ ಹಿಡಿದು ಬಂದಿದ್ದರು. ಆ ಸಾಲಿನಲ್ಲಿ ಆ ಹುಡುಗನೊಬ್ಬನೇ ಬಾಯಿ ತುಂಬ ನಕ್ಕಿದ್ದ; ಮುಂಬಲ್ಲುಗಳ ಸಂದು, ಕೋರೆಹಲ್ಲಿನ ತಿರುವು ಸ್ಪಷ್ಟವಾಗಿ ಕಾಣುತ್ತಿದ್ದವು. ಶವದ ಹಲ್ಲುಗಳ ಫೋಟೊವನ್ನು ಅದೇ ಕೋನಕ್ಕೆ ತಂದು ಹೋಲಿಸಿದಾಗ ಇವನು ಅವನಲ್ಲ ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ಅಲ್ಲ ಎಂಬ ಉತ್ತರವೂ ಉತ್ತರವೇ. ಆಕೆ ಹುಡುಕಾಟವನ್ನು ಬೇರೆ ಕಡೆಗೆ ತಿರುಗಿಸಲು ಅದು ದಾರಿ ಮಾಡಿತು. ನಮ್ಮ ಭಾಗಕ್ಕೆ ವಿಶೇಷವಾದ ಇನ್ನೊಂದು ಸಂಗತಿಯೂ ಇದೆ. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಬಾಲ್ಯದಲ್ಲಿ ಆ ನೀರು ಕುಡಿದವರ ಶಾಶ್ವತ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಹಲ್ಲಿನ ಹೊರಕವಚ ರೂಪುಗೊಳ್ಳುವುದು ಬಾಲ್ಯದಲ್ಲಿ, ಒಮ್ಮೆ ರೂಪುಗೊಂಡ ಮೇಲೆ ಅದು ಬದಲಾಗುವುದಿಲ್ಲ; ಆದ್ದರಿಂದ ಸಾವು ಎಲ್ಲಿಯೇ ಆಗಿರಲಿ, ಆ ಕಲೆ ಆತ ಬೆಳೆದ ಊರಿನ ನೀರಿನ ಬಗ್ಗೆ ಸುಳಿವು ಕೊಡುತ್ತದೆ. ಸೊಲ್ಲಾಪುರದಲ್ಲೋ ಪುಣೆಯಲ್ಲೋ ಸಿಕ್ಕ ಶವದ ವರದಿಯಲ್ಲಿ ಈ ಒಂದು ಸಾಲು ಇದ್ದರೆ ಹುಡುಕಾಟದ ದಿಕ್ಕೇ ಬದಲಾಗಬಹುದು.

ವಯಸ್ಸಿನ ಅಂದಾಜಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನ ಮನೆಯವರು ಹಿಂದಿರುಗಿ ಹೋಗುವುದು ಇದೇ ಹಂತದಲ್ಲಿ. ಮೊದಲ ಶಾಶ್ವತ ದವಡೆಹಲ್ಲು ಆರನೆಯ ವಯಸ್ಸಿನ ಸುಮಾರಿಗೆ, ಎರಡನೆಯದು ಹನ್ನೆರಡರ ಸುಮಾರಿಗೆ, ಮೂರನೆಯದು ಹದಿನೇಳರಿಂದ ಇಪ್ಪತ್ತೈದರ ನಡುವೆ ಯಾವಾಗ ಬೇಕಾದರೂ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಮೂಳೆಗಳ ತುದಿಗಳು ಕಾಂಡಕ್ಕೆ ಕೂಡಿಕೊಳ್ಳುವುದಕ್ಕೂ ಒಂದು ಕ್ರಮವಿದೆ: ಮೊದಲು ಮೊಣಕೈ, ಹದಿನೇಳು–ಹತ್ತೊಂಬತ್ತರ ವೇಳೆಗೆ ಮಣಿಕಟ್ಟು, ನಂತರ ಸೊಂಟದ ಮೂಳೆಯ ಅಂಚು, ಎಲ್ಲಕ್ಕಿಂತ ಕೊನೆಗೆ ಇಪ್ಪತ್ತರ ದಶಕದಲ್ಲಿ ಕೊರಳಪಟ್ಟಿ ಮೂಳೆಯ ಒಳತುದಿ. ಜೀವಂತ ವ್ಯಕ್ತಿಯ ಎಕ್ಸ್‌ರೇಯಲ್ಲಿಯೇ ಎರಡೂ ಬದಿಗೆ ಎರಡು ವರ್ಷಗಳ ವ್ಯತ್ಯಾಸ ಸಾಧ್ಯವೆಂದು ಸುಪ್ರೀಂ ಕೋರ್ಟ್ 1982ರಲ್ಲಿ ಜಯಮಾಲಾ ಪ್ರಕರಣದಲ್ಲಿ ಹೇಳಿದೆ. ಪೌಷ್ಟಿಕತೆಯ ಕೊರತೆ ಹೆಚ್ಚಿರುವ ನಮ್ಮ ಜಿಲ್ಲೆಗಳ ಹುಡುಗರಲ್ಲಿ ಎತ್ತರವೂ ಮೂಳೆಯ ಬೆಳವಣಿಗೆಯೂ ಹಿಂದೆ ಬೀಳುತ್ತವೆ; ಹಲ್ಲು ಅಷ್ಟಾಗಿ ಹಿಂದೆ ಬೀಳುವುದಿಲ್ಲ. ಆದ್ದರಿಂದ ಹದಿನಾರರ ಹುಡುಗನನ್ನು ಎತ್ತರ ನೋಡಿ ಹದಿಮೂರೆಂದೂ, ಕೂಲಿ ಮಾಡಿ ಒರಟಾದ ಕೈ ನೋಡಿ ಇಪ್ಪತ್ತೆರಡೆಂದೂ ಬರೆದುಬಿಡುವ ಸಾಧ್ಯತೆ ಇದೆ. ಪ್ರೌಢಾವಸ್ಥೆಗೆ ಮುಂಚಿನ ಮಗುವಿನ ಬರಿಯ ಅಸ್ಥಿಗಳಿಂದ ಅದು ಗಂಡೋ ಹೆಣ್ಣೋ ಎಂದು ನಂಬಿಕೆಯಿಂದ ಹೇಳಲು ಡಿಎನ್‌ಎ ಬೇಕೇ ಬೇಕು.

ಅಂದಾಜನ್ನೇ ಖಚಿತವೆಂದು ನಂಬಿದರೆ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ನಾನು ಕಿರಿಯ ವೈದ್ಯರಿಗೆ ಯಾವಾಗಲೂ ಹೇಳುತ್ತಿದ್ದೆ. 1960ರ ಜುಲೈ 31ರಂದು ಅರಿಜೋನಾದ ಮರುಭೂಮಿಯಲ್ಲಿ ಒಂದು ಹೆಣ್ಣುಮಗುವಿನ ದೇಹ ಸಿಕ್ಕಿತು. ಅದಕ್ಕೆ ಹತ್ತು ದಿನ ಮೊದಲು ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ನಾಲ್ಕು ವರ್ಷದ ಮಗುವೊಂದರ ಅಪಹರಣವಾಗಿತ್ತು. ತನಿಖಾಧಿಕಾರಿಗಳು ಈ ಸಂಬಂಧವನ್ನು ಆಗಲೇ ಪರಿಶೀಲಿಸಿದ್ದರು. ಆದರೆ ಸಿಕ್ಕ ಮಗು ದೊಡ್ಡದೆಂದು ಅಂದಾಜಾಗಿದ್ದರಿಂದ, ಬಟ್ಟೆ ಮತ್ತು ಹೆಜ್ಜೆಯ ಗುರುತು ಹೊಂದದ್ದರಿಂದ ಅದನ್ನು ಕೈಬಿಟ್ಟರು. 2022ರ ಮಾರ್ಚ್‌ನಲ್ಲಿ ಡಿಎನ್‌ಎ ಅದೇ ಮಗು ಇದು ಎಂದು ಸಾಬೀತುಪಡಿಸಿತು. ಅರವತ್ತೊಂದು ವರ್ಷಗಳ ಕಾಲ ಸರಿಯಾದ ಉತ್ತರ ಕಡತದೊಳಗೇ ಇತ್ತು. ನಿಮಗೆ ಯಾರಾದರೂ "ವಯಸ್ಸು ಹೊಂದುವುದಿಲ್ಲ" ಎಂದು ಹೇಳಿ ಕಳುಹಿಸಲು ನೋಡಿದರೆ, ವಯಸ್ಸನ್ನು ಯಾವ ಆಧಾರದ ಮೇಲೆ ನಿರ್ಧರಿಸಲಾಯಿತು, ಹಲ್ಲಿನಿಂದಲೋ ಎಕ್ಸ್‌ರೇಯಿಂದಲೋ ಕಣ್ಣಂದಾಜಿನಿಂದಲೋ ಎಂದು ವಿನಯದಿಂದಲೇ ಕೇಳಿ.

ಇನ್ನೊಂದು ಪ್ರಕರಣ ದೂರಿನ ಮಹತ್ವವನ್ನು ತೋರಿಸುತ್ತದೆ. 1979ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಜೋಳದ ಹೊಲವೊಂದರಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಶವ ಸಿಕ್ಕಿತು. ಅಲ್ಲಿನ ಅಧಿಕಾರಿಗಳು ದಶಕಗಳ ಕಾಲ ಪ್ರಯತ್ನ ಬಿಡಲಿಲ್ಲ. ಬಟ್ಟೆಯ ಮೇಲಿನ ಪರಾಗವನ್ನು ಕೂಡ ಪರೀಕ್ಷೆ ಮಾಡಿಸಿ, ಬಿಸಿಲ ನಾಡಿನಿಂದ ಬಂದವಳಿರಬೇಕೆಂಬ ತೀರ್ಮಾನಕ್ಕೆ ಬಂದಿದ್ದರು. ಆದರೂ ಹೆಸರು ಸಿಗಲಿಲ್ಲ, ಏಕೆಂದರೆ ಫ್ಲಾರಿಡಾದಲ್ಲಿದ್ದ ಆಕೆಯ ಊರಿನಲ್ಲಿ ಕಾಣೆಯಾದ ದೂರೇ ದಾಖಲೆಯಲ್ಲಿರಲಿಲ್ಲ. ಶಾಲಾ ದಿನಗಳ ಗೆಳತಿಯೊಬ್ಬಳು ಹುಡುಕಲು ಹೊರಟು 2014ರಲ್ಲಿ ದೂರು ದಾಖಲಾದ ಕೆಲವೇ ತಿಂಗಳಲ್ಲಿ, 2015ರ ಜನವರಿಯಲ್ಲಿ, ಸಹೋದರಿಯ ಡಿಎನ್‌ಎ ಜೊತೆ ಹೋಲಿಸಿ ಗುರುತು ಖಚಿತವಾಯಿತು.

ನಮ್ಮಲ್ಲಿ ದೂರು ಏಕೆ ದಾಖಲಾಗುವುದಿಲ್ಲವೆಂದು ನಿಮಗೂ ಗೊತ್ತಿದೆ. ಗುಳೆ ಹೋದ ಮಗ ಇಂದಲ್ಲ ನಾಳೆ ಫೋನ್ ಮಾಡುತ್ತಾನೆಂದು ಕಾಯುತ್ತಾರೆ. ಮಗಳಾದರೆ, ಯಾರದೋ ಜೊತೆ ಹೋದಳೆಂಬ ಮಾತು ಊರಲ್ಲಿ ಹಬ್ಬೀತೆಂದು ಹೆದರಿ ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ. ಆಕೆ ಎಲ್ಲೋ ಸತ್ತು ಅಪರಿಚಿತಳಾಗಿ ಉಳಿದರೆ ಕೇಳುವವರು ಯಾರೂ ಇರುವುದಿಲ್ಲ. ಮನೆತನದ ಮರ್ಯಾದೆಗೆಂದು ಒಂದು ಹೆಣ್ಣುಮಗಳ ಹೆಸರನ್ನೇ ಅಳಿಸಿಹಾಕುವ ಈ ಮೌನವನ್ನು ನಾನು ಯಾವ ಕಾಲಕ್ಕೂ ಒಪ್ಪಿಕೊಂಡಿಲ್ಲ. ದೂರು ಕೊಡಲು ಹೋದವರನ್ನೂ, ಘಟನೆ ನಡೆದ ಠಾಣೆಗೆ ಹೋಗಿ ಎಂದು ಅಲೆದಾಡಿಸಿದ ಕಾಲವಿತ್ತು. ಮಕ್ಕಳು ಕಾಣೆಯಾದ ಪ್ರತಿ ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಿ, ಅಪಹರಣ ಅಥವಾ ಸಾಗಣೆಯ ಸಾಧ್ಯತೆಯೆಂದೇ ಭಾವಿಸಿ ತನಿಖೆ ನಡೆಸಬೇಕೆಂದು ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ಈಗಿನ ಸಂಹಿತೆಯ 173ನೇ ಕಲಂ ಪ್ರಕಾರ, ಘಟನೆ ಎಲ್ಲಿಯೇ ನಡೆದಿರಲಿ, ಅಪರಾಧದ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ಕೊಡಬಹುದು. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತನೆಂದು ಭಾವಿಸಬಹುದೆಂಬ ಕಾನೂನಿನ ಮಾತು ಆಸ್ತಿ, ವಾರಸುದಾರಿಕೆಯಂಥ ವ್ಯವಹಾರಗಳಿಗೆ ಉಪಯೋಗವಾಗುತ್ತದೆಯೇ ಹೊರತು, ಪೊಲೀಸರ ಹುಡುಕಾಟಕ್ಕೆ ಅದು ಕೊನೆಯ ಗಡುವಲ್ಲ.

ಡಿಎನ್‌ಎ ವಿಷಯಕ್ಕೆ ಬರುತ್ತೇನೆ. ಮೂಳೆಯಿಂದ ಗುರುತು ಪತ್ತೆ ಮಾಡುವುದು ಹೊಸ ವಿದ್ಯೆಯಲ್ಲ. ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ 1989ರಲ್ಲಿ ನೆಲ ಅಗೆಯುವಾಗ ಸಿಕ್ಕ ಅಸ್ಥಿಪಂಜರವೊಂದಕ್ಕೆ ರಿಚರ್ಡ್ ನೀವ್ ಎಂಬ ತಜ್ಞರು ಜೇಡಿಮಣ್ಣಿನಲ್ಲಿ ಮುಖ ರೂಪಿಸಿದರು. ಆ ಮುಖವನ್ನು ನೋಡಿದವರು 1981ರಲ್ಲಿ ಕಾಣೆಯಾಗಿದ್ದ ಹದಿನೈದರ ಹುಡುಗಿಯ ಹೆಸರು ಹೇಳಿದರು. ಎರಿಕಾ ಹೇಗಲ್‌ಬರ್ಗ್ ಮತ್ತು ಅಲೆಕ್ ಜೆಫ್ರಿಸ್ ಅವರು ಮೂಳೆಯ ಡಿಎನ್‌ಎಯನ್ನು ಹೆತ್ತವರ ಡಿಎನ್‌ಎ ಜೊತೆ ಹೋಲಿಸಿ ದೃಢಪಡಿಸಿದರು. ನಮ್ಮ ದೇಶದಲ್ಲಿ 2006ರ ಕೊನೆಯಲ್ಲಿ ನೋಯ್ಡಾದ ನಿಠಾರಿಯಲ್ಲಿ ಸಿಕ್ಕ ಮಕ್ಕಳ ಅವಶೇಷಗಳ ಡಿಎನ್‌ಎ ಪರೀಕ್ಷೆ ನಡೆದದ್ದು ಬೀದರಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿರುವ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯಲ್ಲಿ. ಹನ್ನೆರಡು ವರ್ಷ ಮಣ್ಣಿನಲ್ಲಿದ್ದ ಮೂಳೆಯಿಂದ ಡಿಎನ್‌ಎ ಪಡೆಯುವುದು ಅಸಾಧ್ಯವಲ್ಲ. ನಮ್ಮ ಎರೆಮಣ್ಣು ಕ್ಷಾರಗುಣದ್ದಾದ್ದರಿಂದ ಆಮ್ಲಗುಣದ ಮಣ್ಣಿಗಿಂತ ಮೂಳೆ ಚೆನ್ನಾಗಿ ಉಳಿಯುತ್ತದೆ. ಆದರೆ ನೆಲದ ಬಿಸಿ ಡಿಎನ್‌ಎಯನ್ನು ಕೆಡಿಸುತ್ತದೆ. ಒಳಗಿವಿಯನ್ನು ಸುತ್ತುವರಿದ ಗಟ್ಟಿ ಮೂಳೆ, ದವಡೆಹಲ್ಲು, ತೊಡೆಯ ಮೂಳೆ, ಇವುಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಹೋಲಿಕೆಗೆ ತಾಯಿ ತಂದೆ ಇಬ್ಬರ ರಕ್ತವೂ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ತಾಯಿ ಇಲ್ಲದಿದ್ದರೆ, ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎಗಾಗಿ ಒಡಹುಟ್ಟಿದವರು, ಸೋದರಮಾವ, ತಾಯಿಯ ಅಕ್ಕತಂಗಿಯರು ಮತ್ತು ಆ ಅಕ್ಕತಂಗಿಯರ ಮಕ್ಕಳು ಆಗುತ್ತಾರೆ. ಹುಡುಗನಾದ್ದರಿಂದ ತಂದೆಯ ಕಡೆಯ ವೈ ಕ್ರೋಮೋಸೋಮಿಗಾಗಿ ಕಾಕಾ ಅಥವಾ ಅವರ ಗಂಡುಮಕ್ಕಳು ಆಗುತ್ತಾರೆ. ಇಲ್ಲಿ ಒಂದು ಮಾತನ್ನು ಮರೆಯದೆ ಹೇಳಬೇಕು. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಸಾಮಾನ್ಯ. ಹಾಗೆ ಒಳಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ದೂರದ ಬಂಧುಗಳೂ ಹೆಚ್ಚು ಡಿಎನ್‌ಎ ಹಂಚಿಕೊಂಡಿರುವುದರಿಂದ, ಸಂಬಂಧದ ಲೆಕ್ಕಾಚಾರದಲ್ಲಿ ತಪ್ಪು ಅರ್ಥ ಬರಬಹುದು. ವಂಶದ ವಿವರವನ್ನು ಮುಚ್ಚಿಡದೆ ಬರೆದುಕೊಡಿ. ಕೆಲವು ಮನೆಗಳಲ್ಲಿ ಕೂಸಿನ ಒಣಗಿದ ಹೊಕ್ಕುಳಬಳ್ಳಿಯನ್ನು ತಾಯತದಲ್ಲಿಟ್ಟು ಕಾಪಾಡುತ್ತಾರೆ. ಅದು ಸಿಕ್ಕರೆ ಹುಡುಗನದೇ ಮಾದರಿ ಸಿಕ್ಕಂತೆ. ಅದನ್ನು ಬಿಚ್ಚದೆ, ತೊಳೆಯದೆ, ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ, ಕಾಗದದ ಲಕೋಟೆಯಲ್ಲಿಟ್ಟು ಪೊಲೀಸರ ಮುಂದೆಯೇ ಒಪ್ಪಿಸಿ.

ಅಮೆರಿಕದಲ್ಲಿ ಈಗ ಮಾಡುತ್ತಿರುವಂತೆ ಖಾಸಗಿ ವಂಶಾವಳಿ ಜಾಲದಲ್ಲಿ ದೂರದ ಸಂಬಂಧಿಗಳನ್ನು ಹುಡುಕಿ ಹೆಸರು ಕಂಡುಹಿಡಿಯುವ ವಿಧಾನ ನಮಗೆ ಸದ್ಯಕ್ಕೆ ನೆರವಾಗದು, ಏಕೆಂದರೆ ಆ ಜಾಲಗಳಲ್ಲಿ ನಮ್ಮ ಹಳ್ಳಿಗಳವರ ಡಿಎನ್‌ಎ ಇಲ್ಲ. ಕಾಣೆಯಾದವರ ಮತ್ತು ಅಪರಿಚಿತ ಮೃತರ ಪ್ರತ್ಯೇಕ ಸೂಚಿಗಳುಳ್ಳ ರಾಷ್ಟ್ರೀಯ ಡಿಎನ್‌ಎ ಬ್ಯಾಂಕ್ ಸ್ಥಾಪಿಸಬೇಕೆಂದು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು 2023ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಖಾಸಗಿತನದ ಬಗ್ಗೆ ಅದರ ಮೇಲೆ ಬಂದ ಆಕ್ಷೇಪಗಳು ಗಂಭೀರವಾದವು. ಆದರೂ ಆರೋಪಿಗಳ ಸೂಚಿಯನ್ನು ಬದಿಗಿಟ್ಟು ಈ ಎರಡನ್ನಾದರೂ ಉಳಿಸಿಕೊಳ್ಳಬಹುದಿತ್ತೆಂದು ನನಗೆ ಅನ್ನಿಸುತ್ತದೆ. ಅಂಥ ಬ್ಯಾಂಕ್ ಇಲ್ಲದಿರುವಾಗ, ಈ ಶವಕ್ಕೂ ಈ ಮನೆಗೂ ಸಂಬಂಧವಿರಬಹುದೆಂದು ಒಬ್ಬ ಮನುಷ್ಯ ಬೆರಳು ಮಾಡಿ ತೋರಿಸಿದ ಮೇಲೆಯೇ ಪ್ರಯೋಗಾಲಯದ ಕೆಲಸ ಶುರುವಾಗುತ್ತದೆ. ಈಗ ಹಾಗೆ ತೋರಿಸುವ ಸ್ಥಾನದಲ್ಲಿ ನೀವಿದ್ದೀರಿ.

ಆದ್ದರಿಂದ ಹೀಗೆ ಮಾಡಿ. ಮೊದಲು ಹುಡುಗನ ಊರಿನ ಠಾಣೆಯಲ್ಲಿ ಹಳೆಯ ದೂರು ಇದೆಯೇ, ಅದನ್ನು 'ಸಿ' ರಿಪೋರ್ಟ್, ಅಂದರೆ ಪತ್ತೆಯಾಗಲಿಲ್ಲವೆಂಬ ವರದಿ ಹಾಕಿ ಮುಗಿಸಲಾಗಿದೆಯೇ ಎಂದು ತಿಳಿದುಕೊಳ್ಳಿ. ದೂರೇ ಇಲ್ಲದಿದ್ದರೆ ಈಗ ಕೊಡಿ, ತಡವಾದದ್ದಕ್ಕೆ ಕಾರಣವನ್ನು ಇದ್ದದ್ದು ಇದ್ದಂತೆ ಬರೆಯಿರಿ. ಹಳಿಯ ಮೇಲೆ ಸಿಕ್ಕ ಶವದ ಕಡತ ಜಿಲ್ಲಾ ಪೊಲೀಸರಲ್ಲಿ ಇರದೆ ರೈಲ್ವೆ ಪೊಲೀಸರಲ್ಲಿ ಇರಬಹುದು. ಎರಡೂ ಕಡೆ ಆ ತಿಂಗಳಿನ ಯು.ಡಿ.ಆರ್. ಸಂಖ್ಯೆಗಳನ್ನು ಲಿಖಿತವಾಗಿ ಕೇಳಿ. ವಾಡಿಯ ಶವವೊಂದಕ್ಕೇ ಮನಸ್ಸು ಕಟ್ಟಿಕೊಳ್ಳಬೇಡಿ. ಯಾದಗಿರಿಯಿಂದ ಪುಣೆಯ ದಾರಿ ಕಲಬುರಗಿ, ಸೊಲ್ಲಾಪುರ, ದೌಂಡ್ ಮೂಲಕ ಸಾಗುತ್ತದೆ. ರಾಜ್ಯದ ಗಡಿ ದಾಟಿದೊಡನೆ ಭಾಷೆಯೂ ಕಡತವೂ ಬೇರೆಯಾಗುತ್ತವೆ, ಅಲ್ಲಿಗೂ ಮರಾಠಿಯಲ್ಲಿ ಅರ್ಜಿ ಹೋಗಬೇಕು. ಕಡತ ಸಿಕ್ಕರೆ ಮರಣೋತ್ತರ ಪರೀಕ್ಷೆಯ ವರದಿ, ಫೋಟೊಗಳು, ಜಪ್ತಿಯಾದ ಬಟ್ಟೆ, ಹಲ್ಲು ಅಥವಾ ಮೂಳೆಯನ್ನು ತೆಗೆದಿರಿಸಲಾಗಿದೆಯೇ ಎಂಬುದನ್ನು ವಿಚಾರಿಸಿ. ಏನೂ ಉಳಿದಿಲ್ಲದಿದ್ದರೆ ಸಮಾಧಿಯನ್ನು ತೆರೆಯಲು ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ತನಿಖಾಧಿಕಾರಿಯ ಮೂಲಕ ಕೋರಿಕೆ ಸಲ್ಲಿಸಬೇಕು. ಅದಕ್ಕೂ ಮೊದಲು ಸ್ಮಶಾನದ ಯಾವ ಜಾಗದಲ್ಲಿ ಹೂಳಲಾಯಿತೆಂದು ತೋರಿಸಬಲ್ಲ ಪೌರಕಾರ್ಮಿಕರನ್ನು ಅಥವಾ ಗುಂಡಿ ತೋಡಿದವರನ್ನು ಹುಡುಕಿ ಅವರ ಹೇಳಿಕೆ ಬರೆಸಿಕೊಳ್ಳುವಂತೆ ಕೇಳಿ. ಹೆಚ್ಚಿನ ಕಡೆ ಅಪರಿಚಿತರ ಸಮಾಧಿಗೆ ಗುರುತಿನ ಕಲ್ಲು ಇರುವುದಿಲ್ಲ, ಅವರ ನೆನಪೇ ಇಲ್ಲಿ ದಾಖಲೆ.

ತಾಯಿಗೆ ಹೇಳಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಹೇಳಬೇಕು. ಆಕೆಯ ಒಪ್ಪಿಗೆ ಇಲ್ಲದೆ ಮಾದರಿ ಪಡೆಯಲಾಗದು ಎಂಬುದಷ್ಟೇ ಕಾರಣವಲ್ಲ. ತನ್ನ ಮಗನ ಬಗ್ಗೆ ಊರೆಲ್ಲ ವಿಚಾರಿಸುತ್ತಿದ್ದು ತನಗೊಬ್ಬಳಿಗೇ ತಿಳಿಯದಂತೆ ಮಾಡಿದರೆ ಅದು ಆಕೆಗೆ ಮಾಡುವ ಅನ್ಯಾಯ. ಆದರೆ "ಅವನೇ ಇರಬೇಕು" ಎಂದು ಹೇಳಬೇಡಿ, ಶವದ ಫೋಟೊಗಳನ್ನು ಮೊದಲು ತೋರಿಸಬೇಡಿ. ಒಂದು ವಿಷಯ ವಿಚಾರಿಸುತ್ತಿದ್ದೇವೆ, ಹೌದೂ ಆಗಬಹುದು ಅಲ್ಲವೂ ಆಗಬಹುದು, ಅದಕ್ಕೆ ನಿನ್ನ ರಕ್ತದ ಎರಡು ಹನಿ ಬೇಕು ಎಂದು ಹೇಳಿ. ಆಕೆ ಬೇಡವೆಂದರೆ ಒತ್ತಾಯಿಸಬೇಡಿ, ಕೆಲವು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಆಕೆಗೆ ವಯಸ್ಸಾಗಿದ್ದರೆ ಅಥವಾ ಕಾಯಿಲೆಯಿದ್ದರೆ, ಕಡತ ಸಿಗುವವರೆಗೆ ಕಾಯದೆ, ಕಾಣೆ ಪ್ರಕರಣದಲ್ಲಿಯೇ ಡಿಎನ್‌ಎ ಮಾದರಿಯನ್ನು ತೆಗೆದಿರಿಸುವಂತೆ ತನಿಖಾಧಿಕಾರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿದ ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.